ಹುಬ್ಬಿನ ಮೇಲಿನ ತೊಗರಿಕಾಳು

ತಲೆನೋವಿಗೆ ಸಾಕ್ಷಿ ಇರುವುದಿಲ್ಲ. ಉಳಿದ ರೋಗಗಳಿಗೆಲ್ಲ ಏನಾದರೊಂದು ಪುರಾವೆ ಇರುತ್ತದೆ. ಜ್ವರ ಬಂದವನ ಕೈ ಮುಟ್ಟಿದರೆ ಸಾಕು. ಕಾಲು ಉಳುಕಿದವನು ಕುಂಟುತ್ತಾನೆ. ಹಲ್ಲುನೋವಿನವನ ಕೆನ್ನೆ ಅವನ ಪರವಾಗಿ ಓಣಿಗೆಲ್ಲ ಡಂಗುರ ಹೊಡೆಯುತ್ತದೆ. ತಲೆನೋವಿನವನು ಮಾತ್ರ ಬಾಯಿಬಿಟ್ಟು ಹೇಳಬೇಕು, ಹೇಳಿದ್ದನ್ನು ಕೇಳಿದವರು ನಂಬಬೇಕು. ಹೇಳುವವನು ಗಂಡ, ಕೇಳುವವಳು ಹೆಂಡತಿ, ಹೊತ್ತು ಸಂತೆಗೆ ಹೋಗುವ ಹೊತ್ತು ಎಂದಾದರೆ ನಂಬಿಕೆಯ ಪ್ರಶ್ನೆ ಬಲು ಸೂಕ್ಷ್ಮವಾಗಿಬಿಡುತ್ತದೆ. "ನಿಮ್ಮ ತಲಿನೋವಿಗೆ ಗಡಿಯಾರ ನೋಡೋದು ಬರ್ತದ ನೋಡ್ರಿ," ಎನ್ನುತ್ತಾಳೆ ನನ್ನ ಹೆಂಡತಿ ಸುವರ್ಣಾ. ಹಾಗೆ ನೋಡಿದರೆ ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ನನ್ನ ಎಡಹುಬ್ಬಿನ ಮೇಲೆ, ಹಣೆಯ ಒಳಗೆಲ್ಲೋ, ಯಾರೋ ಬೆರಳ ಗೆಣ್ಣಿನಿಂದ ಮೆಲ್ಲಗೆ ಬಾಗಿಲು ತಟ್ಟಿದಂತೆ ಬರುತ್ತಿದ್ದ ಆ ನೋವು ಮದುವೆಗಳಿಗೆ ಹೊರಡುವ ಮುಂಚೆ ಬರುತ್ತಿತ್ತು, ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದಾಗ ಬರುತ್ತಿತ್ತು, ಗೆಳೆಯರು ತಮ್ಮ ಕವಿತೆ ಓದುತ್ತೇವೆಂದು ಫೋನು ಮಾಡಿದಾಗಲೂ ಬರುತ್ತಿತ್ತು. ಆದರೆ ಸುಮ್ಮನೆ ಕೂತಾಗಲೂ ಬರುತ್ತಿತ್ತು. ಅದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ನಂಬದಿದ್ದರೂ ಮದ್ದು ಮಾಡುವುದನ್ನು ಅವಳು ಬಿಡಲಿಲ್ಲ. ಬಿಸಿನೀರಿನ ಪಾತ್ರೆಯ ಮೇಲೆ ನನ್ನನ್ನು ಬಗ್ಗಿಸಿ, ಮೇಲೊಂದು ಚಾದರ ಹೊದಿಸಿ, ಉಗಿ ಕುಡಿಸಿದಳು. ಸುಂಠಿ ತೇಯ್ದು ಹಚ್ಚಿದಳು. ಸುಂಠಿಯ ಉರಿ ಒಳಗಿನ ನೋವನ್ನು ಕೆಲಹೊತ್ತು ಮರೆಸುತ್ತಿತ್ತು. ದೊಡ್ಡ ಸಾಲಗಾರ ಬಂದಾಗ ಚಿಕ್ಕವನು ಎದ್ದು ಜಾಗ ಬಿಡುವ ಹಾಗೆ. ಇದೆಲ್ಲ ಸಹಿಸಿಕೊಂಡೆ. ಸಹಿಸಲಾಗದ್ದು ಒಂದೇ. ಕಮಲಾಪುರದ ಅವಳ ತವರಿನಿಂದ ಬರುವ ಕೆಂಪು ಬಾಳೆಹಣ್ಣು ನನಗೆ ಬಂದ್ ಆಯಿತು. ಬಾಳೆಹಣ್ಣು ಶೀತ, ಶೀತದಿಂದ ಕಫ, ಕಫ ಏರಿ ಹಣೆಗೆ ಬಂದು ಕೂತರೆ ನೋವು. ಇದು ಅವಳ ತರ್ಕ. ಆ ಹಣ್ಣನ್ನು ತಿನ್ನದವರಿಗೆ ನನ್ನ ಕಷ್ಟ ತಿಳಿಯಲಿಕ್ಕಿಲ್ಲ. ಹೊರಗೆ ಕೆಂಪು ಸಿಪ್ಪೆ, ಒಳಗೆ ನಸುಕೇಸರಿ ತಿರುಳು, ಬಾಯಲ್ಲಿಟ್ಟರೆ ತುಪ್ಪ ಬೆಲ್ಲ ಹಾಕಿ ಮಿದ್ದ ಸಿಹಿ ಮಾಲ್ದಿಯ ಹಾಗೆ. ಗೊನೆ ಮನೆಗೆ ಬರುತ್ತಿತ್ತು, ಮೂಲೆಯಲ್ಲಿ ತೂಗುತ್ತಿತ್ತು, ಅಕ್ಕಪಕ್ಕದವರಿಗೆಲ್ಲ ಹಂಚಿಹೋಗುತ್ತಿತ್ತು. ನಾನು ಸುಂಠಿ ಹಚ್ಚಿಕೊಂಡು ನೋಡುತ್ತ ಕೂಡುತ್ತಿದ್ದೆ.

ಕೊನೆಗೆ ಬಾಳೆಹಣ್ಣಿನ ಮೇಲಿನ ಆಸೆಯಿಂದಲೇ ಡಾಕ್ಟರರ ಹತ್ತಿರ ಹೋದೆ ಎಂದರೆ ತಪ್ಪಾಗಲಾರದು. ಕಲಬುರಗಿಯಲ್ಲಿ ಡಾಕ್ಟರರಿಗೆ ಬರವಿಲ್ಲ. ಒಂದೊಂದು ರಸ್ತೆಗೆ ದೇಹದ ಒಂದೊಂದು ಭಾಗವನ್ನು ಹಂಚಿಕೊಟ್ಟಂತೆ ಇದ್ದಾರೆ. ನಾವು ಹೋದದ್ದು ಕಿವಿ ಮೂಗು ಗಂಟಲಿನವರ ಕಡೆ. ವಯಸ್ಸಿನಲ್ಲಿ ನನ್ನ ವಿದ್ಯಾರ್ಥಿನಿಯರಷ್ಟೇ ಇದ್ದ ಒಬ್ಬ ಡಾಕ್ಟರಮ್ಮ ಕೂತಿದ್ದರು. "ಯಾವಾಗಿಂದ ಶುರು ಆಗ್ಯದ್ರಿ ಸರ್?" ಎಂದು ಕೇಳಿದರು. ಡಾಕ್ಟರರು ಇದನ್ನು ಹಿಸ್ಟರಿ ತೆಗೆದುಕೊಳ್ಳುವುದು ಎನ್ನುತ್ತಾರೆ. ನಾನು ಕಾಲೇಜಿನಲ್ಲಿ ಕಲಿಸುವುದೂ ಇತಿಹಾಸವನ್ನೇ. ಅದಕ್ಕೇ ನನಗೆ ಅದರ ಮೇಲೆ ನಂಬಿಕೆ ಕಡಿಮೆ. ನಾನು "ಹೋದ ಬ್ಯಾಸಗಿಯಿಂದ" ಎಂದೆ, ಸುವರ್ಣಾ "ಲಗ್ನ ಆದಾಗಿಂದ" ಎಂದಳು. ಇಬ್ಬರೂ ಪ್ರಾಮಾಣಿಕವಾಗಿಯೇ ಹೇಳಿದ್ದೆವು. ಡಾಕ್ಟರಮ್ಮ ಯಾವುದನ್ನು ಬರೆದುಕೊಂಡರೋ ಕಾಣಲಿಲ್ಲ.

ಆಮೇಲೆ ಅವರು ಒಂದೊಂದಾಗಿ ಲಕ್ಷಣ ಕೇಳುತ್ತ ಹೋದರು. ಮೂಗು ಕಟ್ಟುತ್ತದೆಯೇ, ಗಂಟಲಿಗೆ ಏನಾದರೂ ಇಳಿಯುತ್ತದೆಯೇ, ವಾಸನೆ ತಿಳಿಯುತ್ತದೆಯೇ, ಒಂದು ವಸ್ತು ಎರಡಾಗಿ ಕಾಣುತ್ತದೆಯೇ, ಒಂದು ಕಣ್ಣು ಮುಂದಕ್ಕೆ ಬಂದಂತೆ ಅನಿಸಿದೆಯೇ. ಒಳ್ಳೆಯ ಮೇಷ್ಟ್ರು ಪ್ರಶ್ನೆ ಕೇಳಿದರೆ ದಡ್ಡ ಹುಡುಗನಿಗೂ ಉತ್ತರ ಹೊಳೆಯುತ್ತದಂತೆ. ಅವರು ಕೇಳಿದ್ದೆಲ್ಲ ನನಗೆ ಇದೆ ಅನಿಸತೊಡಗಿತು. ಮೂಗು ಆಗಲೇ ಕಟ್ಟಿತು. ಮಾರನೆಯ ದಿನ ಕಾಲೇಜಿನಲ್ಲಿ ಪ್ರಾಂಶುಪಾಲರನ್ನು ಬಹಳ ಹೊತ್ತು ದಿಟ್ಟಿಸಿ ನೋಡಿದೆ. ಒಬ್ಬರೇ ಇದ್ದರು. ಒಬ್ಬರೇ ಸಾಕಾಗಿತ್ತು. ಮನೆಗೆ ಬಂದು ಕನ್ನಡಿಯ ಮುಂದೆ ಸ್ಕೇಲು ಹಿಡಿದು ಎರಡೂ ಕಣ್ಣನ್ನು ಅಳೆಯುತ್ತಿರುವಾಗ ಸುವರ್ಣಾ ನೋಡಿದಳು. "ಫೋನ್ ನೋಡಿ ನೋಡಿ ಎರಡೂ ಹೊರಗ ಬಂದಾವ. ಸರಿಸಮಾನ ಅವ, ಬರ್ರಿ ಊಟಕ್ಕ," ಎಂದಳು.

ಆದರೆ ಡಾಕ್ಟರಮ್ಮನ ಒಂದು ಪ್ರಶ್ನೆಯನ್ನು ನಾನು ಇಲ್ಲಿ ಬೇರೆಯಾಗಿ ಎತ್ತಿಡಬೇಕು, ಯಾಕೆಂದರೆ ಮುಂದಿನದೆಲ್ಲ ಅದರಿಂದ ಹುಟ್ಟಿತು. "ಹಣಿಗಿ ಯಾವಾಗರೆ ಪೆಟ್ಟು ಬಿದ್ದಿತ್ತೇನ್ರಿ?" ಎಂದು ಅವರು ಸಹಜವಾಗಿ ಕೇಳಿದ್ದರು. ಆ ಹೊತ್ತಿಗೆ ಏನೂ ನೆನಪಾಗದೆ ನಾನು ಇಲ್ಲವೆಂದೆ. ಸುವರ್ಣಾ, "ಯಾಕ, ಲಗ್ನದ ದಿನ ನಮ್ಮ ತವರಮನಿ ಬಾಗಲಾ ಬಡದಿತ್ತಲ್ಲ," ಎಂದಳು.

ಮೊದಲು ಎಕ್ಸ್‌ರೇ ಆಯಿತು. ಅದರಲ್ಲಿ ಎಡಹುಬ್ಬಿನ ಮೇಲೆ ಒಂದು ಬಿಳಿ ಚುಕ್ಕೆ ಕಂಡಿತು. ಇನ್ನಷ್ಟು ಸ್ಪಷ್ಟವಾಗಲಿ ಎಂದು ಸಿ.ಟಿ. ಸ್ಕ್ಯಾನ್‌ಗೆ ಬರೆದುಕೊಟ್ಟರು. ದೊಡ್ಡ ಬಳೆಯಂಥ ಯಂತ್ರದೊಳಗೆ ನನ್ನ ತಲೆಯನ್ನು ತೂರಿಸಿದರು, "ಅಲ್ಲಾಡಬ್ಯಾಡ್ರಿ" ಎಂದು ಗಾಜಿನ ಆಚೆಯಿಂದ ಯಾರೋ ಹೇಳಿದರು, ನನ್ನ ಬದುಕಿನ ಎಲ್ಲ ತುರಿಕೆಗಳೂ ಅದೇ ಹೊತ್ತಿಗೆ ಮೂಗಿನ ತುದಿಗೆ ಬಂದವು, ಅಷ್ಟರಲ್ಲಿ ಮುಗಿಯಿತು. ನನ್ನ ತಲೆ ಸವತೆಕಾಯಿಯ ಬಿಲ್ಲೆಗಳಂತೆ ಹೋಳುಹೋಳಾಗಿ ಒಂದು ದೊಡ್ಡ ಫಿಲ್ಮಿನ ಮೇಲೆ ಬಂತು. ಡಾಕ್ಟರಮ್ಮ ಅದನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ತೋರಿಸಿದರು. "ಇಲ್ಲಿ ಕರೀದು ಕಾಣಸ್ತದಲ್ರಿ, ಅದು ಗಾಳಿ. ಹುಬ್ಬಿನ ಮ್ಯಾಲ ಎಲಬಿನೊಳಗ ಎಲ್ಲಾರಿಗೂ ಇಂಥ ಖಾಲಿ ಖೋಲಿ ಇರ್ತಾವ." ಸುವರ್ಣಾ, "ಖಾಲಿ ಅದ ಅಂತ ನನಗ ಮೊದಲೇ ಗೊತ್ತಿತ್ರಿ," ಎಂದಳು. ಡಾಕ್ಟರಮ್ಮ ನಗದೆ ಮುಂದುವರಿಸಿದರು. ಆ ಕರಿಯ ಖೋಲಿಯ ಗೋಡೆಗೆ ಅಂಟಿಕೊಂಡು ಒಂದು ಬೆಳ್ಳನೆಯ ಗುಂಡು ಇತ್ತು. ದಂತದ ಹಾಗೆ ಬಿಳುಪು, ಅಂಚು ನುಣ್ಣಗೆ, ಅಚ್ಚುಕಟ್ಟು. ಅದು ಎಲುಬಿನದೇ ಗಡ್ಡೆಯಂತೆ, ಹೆಸರು ಆಸ್ಟಿಯೋಮಾ. ಗಡ್ಡೆ ಎಂಬ ಮಾತು ಕೇಳಿದೊಡನೆ ಸುವರ್ಣಾ ನನ್ನ ತೋಳು ಹಿಡಿದುಕೊಂಡಳು. ಅದುವರೆಗೆ ಚೇಷ್ಟೆ ಮಾಡುತ್ತಿದ್ದವಳ ಕೈ ತಣ್ಣಗಾಗಿತ್ತು. ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಆಮೇಲೆ ಅವಳು ಆಡಿದ ಮಾತುಗಳನ್ನೆಲ್ಲ ಆ ತಣ್ಣನೆಯ ಕೈಯ ಲೆಕ್ಕದಲ್ಲಿ ಮಾಫಿ ಮಾಡಿದ್ದೇನೆ.

"ಅಂಜಬ್ಯಾಡ್ರಿ ಅಕ್ಕಾರೆ. ಕ್ಯಾನ್ಸರ್ ಅಲ್ಲ ಇದು, ಆಗೂದೂ ಇಲ್ಲ," ಎಂದರು ಡಾಕ್ಟರಮ್ಮ. ಇಂಥವು ಎಷ್ಟೋ ಜನರ ಹಣೆಯಲ್ಲಿ ಸದ್ದಿಲ್ಲದೆ ಇರುತ್ತವಂತೆ, ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಕಣ್ಣಿಗೆ ಬೀಳುತ್ತವಂತೆ. ಬಹಳ ನಿಧಾನವಾಗಿ ಬೆಳೆಯುತ್ತವೆ, ಕೆಲವು ಬೆಳೆಯುವುದೇ ಇಲ್ಲ. ಖೋಲಿಯಿಂದ ಮೂಗಿಗೆ ಇಳಿಯುವ ದಾರಿಯನ್ನು ಕಟ್ಟಿದರೆ, ಹಿಂದೆ ನೀರು ನಿಂತರೆ, ಕಣ್ಣಿನ ಕಡೆಗೋ ಮೆದುಳಿನ ಕಡೆಗೋ ಒತ್ತಿದರೆ ಆಪರೇಷನ್. ನನ್ನದು ದಾರಿಗೆ ದೂರ, ಒಂದು ಮೂಲೆಯಲ್ಲಿ ಸಭ್ಯನಂತೆ ಕೂತಿದೆ. ಸುಮ್ಮನೆ ಬಿಡುವುದು, ವರ್ಷ ಬಿಟ್ಟು ಮತ್ತೊಮ್ಮೆ ನೋಡುವುದು. "ಇದು ಯಾಕ ಬಂತ್ರಿ?" ಎಂದು ಸುವರ್ಣಾ ಕೇಳಿದಳು. "ಕೆಲವರು ಹುಟ್ಟಿನಿಂದ ಅಂತಾರ, ಕೆಲವರು ಪೆಟ್ಟಿನಿಂದ ಅಂತಾರ, ಕೆಲವರು ಸೋಂಕಿನಿಂದ ಅಂತಾರ. ಖರೆ ಹೇಳಬೇಕಂದ್ರ ಯಾರಿಗೂ ಗೊತ್ತಿಲ್ರಿ." ಇಷ್ಟು ಪ್ರಾಮಾಣಿಕವಾದ ಇತಿಹಾಸವನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಓದಿರಲಿಲ್ಲ. ನಾನು ನನ್ನ ಮುಖ್ಯ ಪ್ರಶ್ನೆಗೆ ಬಂದೆ. ಬಾಳೆಹಣ್ಣು? "ಎಲಬಿಗೂ ಬಾಳಿಹಣ್ಣಿಗೂ ಏನ್ ಸಂಬಂಧರಿ ಸರ್, ತಿನ್ರಿ." ಕೊನೆಗೆ, ನಾವು ಏಳುವಾಗ, ಅವರು ಇನ್ನೊಂದು ಮಾತು ಹೇಳಿದರು: "ಇಷ್ಟ ಸಣ್ಣದಕ್ಕ, ದಾರಿ ಕಟ್ಟದಿದ್ದಾಗ, ನೋವು ಬರೂದು ಕಮ್ಮಿ. ನಿಮ್ಮ ನೋವಿಗೆ ಕಾರಣ ಬ್ಯಾರೆ ಇರಬೇಕು. ಚಷ್ಮಾ ಎಷ್ಟ ಹಳೇದದ ನೋಡ್ರಿ, ಒಮ್ಮೆ ಕಣ್ಣ ತೋರಸ್ರಿ."

ಈ ಕೊನೆಯ ಮಾತನ್ನು ನಾನು ಕೇಳಿಸಿಕೊಳ್ಳಲಿಲ್ಲ. ಅಂದರೆ ಕಿವಿಗೆ ಬಿತ್ತು, ಒಳಗೆ ಬಿಟ್ಟುಕೊಳ್ಳಲಿಲ್ಲ. ಕೊನೆಗೂ ನನ್ನ ತಲೆನೋವಿಗೆ ಸಾಕ್ಷಿ ಸಿಕ್ಕಿತ್ತು; ದಂತದಂಥ, ಅಂಚು ನುಣ್ಣಗಿರುವ, ಹೆಸರಿರುವ ಸಾಕ್ಷಿ. ಆ ಸಾಕ್ಷಿ ಬೇರೆ ಯಾವುದೋ ಕೇಸಿನದು ಎಂದರೆ ಯಾರಿಗೆ ತಾನೇ ಹಿಡಿಸುತ್ತದೆ? ಫಿಲ್ಮಿನ ಲಕೋಟೆಯನ್ನು ಎದೆಗೆ ಅವಚಿಕೊಂಡು ಆಟೋದಲ್ಲಿ ಕೂತೆ. ಬಾಳೆಹಣ್ಣಿನ ವಿಷಯದಲ್ಲಿ ದಾರಿಯಲ್ಲೇ ರಾಜಿಯಾಯಿತು. ಡಾಕ್ಟರಮ್ಮನ ಮಾತನ್ನು ಪೂರ್ತಿ ತೆಗೆದುಹಾಕುವಂತಿಲ್ಲ, ತನ್ನ ಮಾತನ್ನು ಪೂರ್ತಿ ಬಿಡುವಂತಿಲ್ಲ, ಆದ್ದರಿಂದ ಸುವರ್ಣಾ ಕಾಯಿದೆ ಮಾಡಿದಳು: "ತಲಿ ನೋಯದ ದಿನ ತಿನ್ರಿ. ನೋಯ್ದಾಗ ಮುಟ್ಟಬ್ಯಾಡ್ರಿ."

ನನ್ನ ಎಲುಬಿನ ಗಡ್ಡೆಯ ಗಾತ್ರ ಎಷ್ಟು ಎಂದು ಡಾಕ್ಟರಮ್ಮ ಮಿಲಿಮೀಟರಿನಲ್ಲಿ ಹೇಳಿದ್ದರು. ಕಲಬುರಗಿಯವನು ನಾನು, ಅದನ್ನು ತೊಗರಿಕಾಳು ಎಂದು ತರ್ಜುಮೆ ಮಾಡಿಕೊಂಡೆ. ಸುವರ್ಣಾ ತವರಿಗೆ ಫೋನು ಮಾಡಿ "ತೊಗರಿಕಾಳಿಗಿಂತ ಒಂಚೂರು ದೊಡ್ಡದು" ಎಂದಳು. ಅತ್ತೆ ಅದನ್ನು ಶೇಂಗಾ ಮಾಡಿದರು. ಅಲ್ಲಿಂದ ಮುಂದೆ ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತೋ ತಿಳಿಯದು. ಮುಂದಿನ ರವಿವಾರ ನಾವು ಕಮಲಾಪುರದ ಬಸ್ಸು ಹಿಡಿದು ಹೊರಟಾಗ ಮಹಾಗಾಂವದಲ್ಲಿ ಹತ್ತಿದ ಪರಿಚಯದವರೊಬ್ಬರು ನನ್ನ ಹಣೆಯನ್ನೇ ನೋಡಿ, "ಲಿಂಬಿಕಾಯಷ್ಟು ಗಡ್ಡಿ ತಗದಾರಂತಲ್ರಿ, ಹೊಲಿಗಿ ಕಾಣಂಗೇ ಇಲ್ಲ. ಭಾರಿ ಡಾಕ್ಟರ್ ಇರಬೇಕು," ಎಂದರು. ವರ್ಷಗಟ್ಟಲೆ ನಿಧಾನವಾಗಿ ಬೆಳೆಯುವ ಗಡ್ಡೆ ಎಂದು ಹೇಳಿದ್ದ ಡಾಕ್ಟರಮ್ಮನಿಗೆ ನಮ್ಮ ಕಡೆಯ ಮಾತಿನ ವೇಗ ಗೊತ್ತಿರಲಿಲ್ಲ. ಹಣೆಬರಹ ಎಂಬ ಮಾತನ್ನು ಇಲ್ಲಿ ಬಳಸಬೇಕೆಂದು ನಿಮಗೆ ಅನಿಸುತ್ತಿರಬಹುದು. ಬೇಡ. ಆ ಬಸ್ಸಿನಲ್ಲಿದ್ದವರೆಲ್ಲ ಬಳಸಿಯಾಗಿದೆ.

ಈಗ ಆ ಬಾಗಿಲಿನ ವಿಷಯ ಹೇಳಬೇಕು. ನನ್ನ ಮಾವನ ಮನೆ ಮಗ, ಸೊಸೆ, ಮೊಮ್ಮಕ್ಕಳು, ಬಂದುಹೋಗುವವರಿಂದ ಯಾವಾಗಲೂ ಗಿಜಿಗುಡುವ ಕಲ್ಲಿನ ಮನೆ. ಪಡಸಾಲೆಯಿಂದ ಅಡುಗೆಮನೆಗೆ ಹೋಗುವಲ್ಲಿ ಒಂದು ಬಾಗಿಲಿದೆ. ಇತ್ತು ಎನ್ನಬೇಕು. ದೇವರ ಜಗಲಿಯೂ ಆ ಬಾಗಿಲಿನ ಒಳಗೇ. ಅದರ ಮೇಲಿನ ಕಲ್ಲು ಎಷ್ಟು ಕೆಳಗಿತ್ತೆಂದರೆ ಸಾಧಾರಣ ಎತ್ತರದವರೂ ಸೊಂಟದಿಂದ ಬಾಗದೆ ಒಳಗೆ ಹೋಗುವಂತಿರಲಿಲ್ಲ. ಮಾವನಿಗೆ ಅದೊಂದು ಅಭಿಮಾನದ ವಸ್ತು. ಪಡಸಾಲೆಯ ಮಂಚದ ಮೇಲೆ ಕೂತು, ಊರಿನ ಸಣ್ಣಪುಟ್ಟ ಜಗಳಗಳನ್ನು ಬಗೆಹರಿಸುತ್ತ, ಬಂದವರಿಗೆಲ್ಲ ಅವರು ಅದನ್ನು ತೋರಿಸುತ್ತಿದ್ದರು. "ಮನಶ್ಯಾ ಅನ್ನದ ಕಡಿ ಹೋಗಬೇಕಾದ್ರ ಬಾಗೇ ಹೋಗಬೇಕು. ಊಟಕ್ಕ ಬಂದ ತಹಶೀಲ್ದಾರಗೂ ಬಾಗಿಸ್ಯದ ಇದು." ಅತ್ತೆ ಒಳಗಿನಿಂದಲೇ, "ತಹಶೀಲ್ದಾರ ಒಮ್ಮೆ ಬಾಗ್ಯಾನ. ನಾ ದಿನಾ ಬಾಗ್ತೀನಿ," ಎನ್ನುತ್ತಿದ್ದರು. ಮಾವ ಬಾಗುವ ಪ್ರಸಂಗ ಬರುತ್ತಿರಲಿಲ್ಲ. ಅವರ ಚಹಾ, ಅವರ ರೊಟ್ಟಿ, ಅವರ ನೀರು, ಎಲ್ಲವೂ ಆ ಬಾಗಿಲಿನಿಂದ ಬಾಗಿ ಅವರ ಮಂಚಕ್ಕೆ ಬರುತ್ತಿದ್ದವು. ಪೂಜೆಯನ್ನೂ ಅವರು ಪಡಸಾಲೆಯಲ್ಲೇ ಮಾಡಿಕೊಳ್ಳುತ್ತಿದ್ದರು. ಅತ್ತೆಯ ಸೊಂಟ ಹಿಡಿದುಕೊಂಡು ಬಹಳ ಕಾಲವಾಗಿತ್ತು. ಒಂದು ಕೈಯಲ್ಲಿ ತಾಟು, ಇನ್ನೊಂದು ಕೈ ಸೊಂಟದ ಮೇಲೆ, ಕಲ್ಲಿನ ಕೆಳಗೆ ಹಾಯುವಾಗ ಒಂದು ಸಣ್ಣ "ಶಿವಾ". ಬಾಗಿಲು ಎತ್ತಿಸಿರಿ ಎಂದು ಅವರು ಮದುವೆಯಾಗಿ ಬಂದಾಗಿನಿಂದ ಕೇಳುತ್ತಿದ್ದರು. ಮಾವ ಒಲ್ಲೆ ಎನ್ನುತ್ತಿದ್ದರು. ಒಲ್ಲೆ ಎಂದು ಎಷ್ಟು ಸಲ ಹೇಳಿದ್ದರೆಂದರೆ ಹೂಂ ಎನ್ನಲು ಅವರಿಗೆ ದಾರಿಯೇ ಉಳಿದಿರಲಿಲ್ಲ.

ಆ ಬಾಗಿಲು ನನ್ನ ಹಣೆಗೆ ಬಡಿದ ಕಥೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಮದುವೆಯ ದಿನ, ಅಕ್ಷತೆ ಬಿದ್ದ ಮೇಲೆ, ವಧೂವರರು ದೇವರಿಗೆ ನಮಸ್ಕರಿಸಲು ಒಳಗೆ ಹೋಗಬೇಕಾಗಿತ್ತು. "ಬಾಗ್ರಿ, ಬಾಗ್ರಿ" ಎಂದು ಹತ್ತು ಬಾಯಿ ಕೂಗಿದವು. ನಾನು ಬಾಗಿದೆ. ಟಕ್ ಎಂದಿತು. ಬೀಗರೆಲ್ಲ ನಕ್ಕರು. ಇಷ್ಟು ನಿಜ. ಸ್ಕ್ಯಾನಿಗೆ ಮುಂಚೆ ನಾನು ಈ ಕಥೆ ಹೇಳುವಾಗ "ಹಣೆಗೆ ಬಡಿಯಿತು" ಎನ್ನುತ್ತಿದ್ದೆ. ಸ್ಕ್ಯಾನ್ ಆದ ವಾರದಲ್ಲಿ ಅದು "ಎಡಹಣೆಗೆ" ಆಯಿತು. ನಾನು ಬೇಕೆಂದು ಬದಲಿಸಲಿಲ್ಲ. ಹೇಳುತ್ತ ಹೇಳುತ್ತ ನನ್ನ ಕೈ ತಾನಾಗಿ ಎಡಕ್ಕೆ ಹೋಗುತ್ತಿತ್ತು, ನೆನಪು ಕೈಯ ಹಿಂದೆ ಹೋಗುತ್ತಿತ್ತು. ನೆನಪು ಎನ್ನುವುದು ಬಾಡಿಗೆಮನೆಯ ಹಾಗೆ. ಈಗ ಯಾರು ವಾಸವಿದ್ದಾರೋ ಅವರು ಮನಬಂದಂತೆ ಮೊಳೆ ಹೊಡೆದುಕೊಳ್ಳುತ್ತಾರೆ. ಸುವರ್ಣಾಳನ್ನು ಕೇಳಿದರೆ, "ನಾ ಏನ್ ನೋಡ್ಲಿ, ತಲಿ ತಗ್ಗಿಸಿ ನಿಂತಿದ್ದೆ. ನಿಮ್ಮ ಕಾಲಷ್ಟೇ ಕಂಡಿದ್ವು. ಶಬ್ದ ಕೇಳಿಸ್ತು," ಎನ್ನುತ್ತಾಳೆ.

ಆ ರವಿವಾರ ಮನೆ ಮುಟ್ಟಿದೊಡನೆ ಮಾವ ಕೇಳಿದ್ದು "ಆ ಪಿಚ್ಚರ್ ಎಲ್ಲದ?" ಎಂದು. ಲಕೋಟೆ ಬಿಚ್ಚಿ, ಫಿಲ್ಮನ್ನು ಅಂಗಳದ ಬಿಸಿಲಿಗೆ ಹಿಡಿದರು. ಮನೆಮಂದಿ ಸುತ್ತ ನಿಂತರು. ಬಿಳಿ ಗುಂಡು ಚೆನ್ನಾಗಿಯೇ ಕಂಡಿತು, ಆದರೆ ಫಿಲ್ಮಿನ ಬಲಗಡೆಗೆ. ನನ್ನ ನೋವು ಎಡಕ್ಕೆ. "ಯಾರದೋ ಪಿಚ್ಚರ್ ಕೊಟ್ಟಾರ," ಎಂದು ನನ್ನ ಭಾವಮೈದುನ ಶಂಕೆ ಎತ್ತಿದ. ಮಾವ ಫಿಲ್ಮನ್ನು ಮಗುಚಿ ಹಿಡಿದರು, ಗುಂಡು ಎಡಕ್ಕೆ ಬಂತು, ಎಲ್ಲರಿಗೂ ಸಮಾಧಾನವಾಯಿತು. ಅಂಚಿನಲ್ಲಿದ್ದ ಅಕ್ಷರ ತಿರುಗುಮುರುಗಾದದ್ದನ್ನು ಯಾರೂ ನೋಡಲಿಲ್ಲ. ನಾನು ಡಾಕ್ಟರಮ್ಮನಿಂದ ಕಲಿತದ್ದನ್ನು ವಿವರಿಸಿದೆ: ಫಿಲ್ಮಿನಲ್ಲಿರುವ ಮನುಷ್ಯ ನಮ್ಮ ಎದುರಿಗೆ ಮುಖಮಾಡಿ ಕೂತಿದ್ದಾನೆಂದು ತಿಳಿಯಬೇಕು, ಅವನ ಎಡ ನಮಗೆ ಬಲಕ್ಕೆ ಕಾಣುತ್ತದೆ. ಮಾವ ಬಹಳ ಹೊತ್ತು ತಲೆದೂಗಿದರು. "ಬರೋಬ್ಬರಿ. ಜಗಳಾ ಬಗಿಹರಿಸುವಾಗ ನಾ ನೋಡೀನಲ್ಲ. ಎದುರಿಗಿ ಕುಂತವರದು ಯಾವತ್ತೂ ತಿರುಗಾಮುರುಗಾನೇ ಕಾಣಸ್ತದ," ಎಂದರು. ಆಮೇಲೆ ಫಿಲ್ಮನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಿನ ಕಡೆ ನೋಡಿದರು. "ನಮ್ಮ ಕಲ್ಲೇ ಮಾಡ್ಯದಲ್ಲ ಇದು," ಎಂದರು. ದನಿ ಸಣ್ಣದಾಗಿತ್ತು. "ಹಂಗೇನಿಲ್ರಿ ಮಾವಾರೆ, ಕಾರಣ ಯಾರಿಗೂ ಗೊತ್ತಿಲ್ಲ ಅಂದಾರ ಡಾಕ್ಟರು," ಎಂದು ನಾನು ಹೇಳುತ್ತಿರುವಾಗ ಅತ್ತೆ ಒಳಗಿನಿಂದ ಕರೆದರು. "ಬರ್ರಿ ಇಲ್ಲಿ, ಚಹಾ ಆರ್ತದ."

ಅಡುಗೆಮನೆಯಲ್ಲಿ ಚಹಾ ಇನ್ನೂ ಒಲೆಯ ಮೇಲಿತ್ತು. ಅತ್ತೆ ಧ್ವನಿ ಇಳಿಸಿ ಹೇಳಿದರು: "ಡಾಕ್ಟರ್ ಏನ್ ಹೇಳ್ಯಾರ ಅದನ್ನೆಲ್ಲಾ ಅವರ ಮುಂದ ಹೇಳಬ್ಯಾಡ್ರಿ."

"ಯಾಕ್ರಿ ಅತ್ತಿ?"

"ಆ ದಿನ ಬಾಗಲಾ ನಿಮ್ಮ ಹಣಿಗಿ ಬಡದೇ ಇಲ್ಲ. ಬಾಸಿಂಗಕ್ಕ ಬಡದಿತ್ತು. ನೀವು ನಿಮ್ಮ ಎತ್ತರಕ್ಕ ಲೆಕ್ಕಾ ಹಾಕಿ ಬಾಗಿದ್ರಿ, ಬಾಸಿಂಗದ ಎತ್ತರ ಮರತ್ರಿ. ಅದರ ತುದಿ ಮುರದಿತ್ತು. ಬಾಸಿಂಗ ಮುರಿದ್ರ ಛಲೋ ಅಲ್ಲ ಅಂತಾರ. ಯಾರೂ ನೋಡಬಾರದು ಅಂತ ಸೆರಗಿಲೆ ಒತ್ತಿ ಹಿಡದು ನನ್ನ ತಲಿ ಪಿನ್ ಚುಚ್ಚಿ ನಿಲ್ಸೀನಿ. ನಿಮ್ಮ ಹಣಿ ಸುದ್ದ ಇತ್ತು."

ನನಗೆ ಆ ದಿನದ ಪೆಟ್ಟಿನ ನೋವು ನೆನಪಿದೆ. ಊಟಕ್ಕೆ ಕೂತಾಗ ಹಣೆ ಚುರುಗುಟ್ಟಿದ್ದು ನೆನಪಿದೆ. ಬೀಳದ ಪೆಟ್ಟಿನ ಇಷ್ಟೊಂದು ನೋವನ್ನು ನಾನು ಎಲ್ಲಿಂದ ತಂದುಕೊಂಡೆ, ಈಗ ಅದನ್ನು ಎಲ್ಲಿ ಇಡಬೇಕು, ತಿಳಿಯಲಿಲ್ಲ. ಅತ್ತೆ ಚಹಾ ಸೋಸುತ್ತ ಅಂದರು: "ನನ್ನ ಸ್ವಂಟಕ್ಕ ಎತ್ತಸ್ಲಿಲ್ಲ ಅವರು. ನಿಮ್ಮ ಎಲಬಿಗಿ ಎತ್ತಸ್ತಾರ ಅಂದ್ರ ಎತ್ತಸ್ಲಿ. ನನಗ ಬಾಗಲಾ ಬೇಕು, ಕಾರಣ ಯಾಕ ಬೇಕು. ಇನ್ನೊಂದು ಚಳಿಗಾಲ ಇದರ ಕೆಳಗ ಹಾಯೂದು ನನ್ನ ಕೈಲೆ ಆಗೂದಿಲ್ಲರಿ." ಕೊನೆಯ ಮಾತನ್ನು ಅವರು ನನಗೆ ಹೇಳಲಿಲ್ಲ, ಪಾತ್ರೆಗೆ ಹೇಳಿದಂತಿತ್ತು. ತಾಟಿನಲ್ಲಿ ಕಪ್ಪುಗಳನ್ನಿಟ್ಟುಕೊಂಡು, ಸೊಂಟಕ್ಕೆ ಕೈಕೊಟ್ಟು, "ಶಿವಾ" ಎಂದು ಬಾಗಿ ಹೊರಗೆ ಹೋದರು. ನಾನೂ ಹಿಂದೆಯೇ ಬಾಗಿ ಬಂದೆ. ಮಾವ ನನ್ನನ್ನೇ ನೋಡುತ್ತಿದ್ದರು. ಇತಿಹಾಸದ ಮೇಷ್ಟ್ರಾಗಿ ನನ್ನ ಕರ್ತವ್ಯ ಏನೆಂದು ನನಗೆ ಗೊತ್ತಿತ್ತು. ಎಡಹುಬ್ಬಿನ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, "ಹಾ" ಎಂದೆ. ಇಷ್ಟೇ. ಮರುವಾರ ಬಾಗಿಲ ಕಲ್ಲು ಎತ್ತಲು ಗೌಂಡಿ ಬಂದ.

ಕಲ್ಲು ತೆಗೆದಾಗ ನಾನು ಅಲ್ಲಿರಲಿಲ್ಲ. ಸರಾಗವಾಗಿ ಬರಲಿಲ್ಲವಂತೆ, ಜಾಕ್ ಕೊಟ್ಟು ಎತ್ತಬೇಕಾಯಿತಂತೆ. ಅದೇ ಕಲ್ಲನ್ನು ಒಂದು ಮೊಳ ಮೇಲೆ ಕೂರಿಸಿದರಂತೆ. ಮಾವ ಅಂಗಳಕ್ಕೆ ಹೋಗಿ ಬೆನ್ನು ತಿರುಗಿಸಿ ಕೂತಿದ್ದರಂತೆ. ಇತ್ತ ಕಲಬುರಗಿಯಲ್ಲಿ ಒಂದು ಅನಾಹುತ ನಡೆಯಿತು. ಸುವರ್ಣಾಳ ಒತ್ತಾಯಕ್ಕೆ ಕಣ್ಣು ತೋರಿಸಿದೆ. ಚಷ್ಮಾದ ನಂಬರು ಬಹಳ ಬದಲಾಗಿತ್ತು. ಹೊಸ ಚಷ್ಮಾ ಬಂತು. ತಲೆನೋವು ಹೋಯಿತು. ಒಂದು ವಾರ ಕಾದೆ, ಬರಲಿಲ್ಲ. ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ ಕೂತೆ, ಬರಲಿಲ್ಲ. ಒಬ್ಬ ಗೆಳೆಯನಿಗೆ ನಾನೇ ಫೋನು ಮಾಡಿ ಕವಿತೆ ಓದಿಸಿದೆ. ಬೇಸರವಾಯಿತು, ನೋವು ಬರಲಿಲ್ಲ. ಡಾಕ್ಟರಮ್ಮ ಹೇಳಿದ್ದೇ ಸರಿ. ಹಣೆಯ ಒಳಗಿನ ತೊಗರಿಕಾಳು ಪಾಪ ಯಾರ ತಂಟೆಗೂ ಹೋಗದೆ ತನ್ನ ಖೋಲಿಯಲ್ಲಿ ಕೂತಿತ್ತು. ಮನೆಯಲ್ಲಿ ಕೆಂಪು ಬಾಳೆಹಣ್ಣು ತಿಂದೆ, ದಿನಾ ತಿಂದೆ. ಆದರೆ ಕಮಲಾಪುರಕ್ಕೆ ಹೋದಾಗ ಏನು ಮಾಡುವುದು? ಅಲ್ಲಿ ನನ್ನ ತಲೆನೋವಿನ ಮೇಲೆ ಒಂದು ಬಾಗಿಲು ನಿಂತಿದೆ. ಚಷ್ಮಾ ಬದಲಿಸಿದ್ದಕ್ಕೆ ಹೋಯಿತು ಎಂದರೆ ಮಾವನ ಮುಖ ಏನಾಗಬೇಕು? ಸುವರ್ಣಾಳಿಗೆ ಅಮ್ಮನ ಸಂಚು ಗೊತ್ತಾಗಿತ್ತು. "ಅಲ್ಲಿ ಇದ್ದಷ್ಟು ಹೊತ್ತು ನೋಯ್ಲಿ," ಎಂದು ತೀರ್ಪು ಕೊಟ್ಟಳು. ಕಾಯಿದೆಯ ಪ್ರಕಾರ, ಬಾಳೆ ಬೆಳೆಯುವ ಊರಿನಲ್ಲೇ ನನಗೆ ಬಾಳೆಹಣ್ಣು ಇಲ್ಲ.

ಹೀಗೆ ಹೋದಾಗಲೆಲ್ಲ ಹೊಸ ಬಾಗಿಲ ಹತ್ತಿರ ಬಂದು ಒಮ್ಮೆ ಹಣೆ ಹಿಡಿದುಕೊಳ್ಳುವುದು ನನ್ನ ಪಾಲಿನ ಸೇವೆಯಾಯಿತು. ಅತ್ತೆ ಈಗ ನೆಟ್ಟಗೆ ನಡೆದು ಬರುತ್ತಾರೆ, ತಾಟು ಎರಡೂ ಕೈಯಲ್ಲಿ ಹಿಡಿದು. ತಮಾಷೆಯೆಂದರೆ ಆ ಮನೆಯವರೆಲ್ಲ ಇನ್ನೂ ಅಭ್ಯಾಸಬಲದಿಂದ ಬಾಗುತ್ತಾರೆ, ಅತ್ತೆ ಒಬ್ಬರೇ ಮೊದಲ ದಿನದಿಂದ ಬಾಗಿಲ್ಲ. ಒಂದು ದಿನ ಹೀಗೆಯೇ ಸೇವೆ ಸಲ್ಲಿಸುತ್ತಿರುವಾಗ ಮಂಚದ ಮೇಲಿಂದ ಮಾವ ಕೇಳಿದರು.

"ಅಳಿಯಂದ್ರ, ನೋವು ಎಡಕ ಅಲ್ಲೇನ್ರಿ?"

ನೋಡಿದರೆ ನನ್ನ ಕೈ ಬಲಹುಬ್ಬಿನ ಮೇಲಿತ್ತು. "ಎದುರಿಗಿ ಕುಂತವರಿಗಿ ತಿರುಗಾಮುರುಗಾ ಕಾಣಸ್ತದ್ರಿ ಮಾವಾರೆ," ಎಂದೆ. ಆ ಕ್ಷಣದಲ್ಲಿ ಹೊಳೆದದ್ದು ಅದೊಂದೇ.

ಮಾವ ಅಡುಗೆಮನೆಯ ಕಡೆ ಒಮ್ಮೆ ನೋಡಿ, ನನ್ನನ್ನು ಹತ್ತಿರ ಕರೆದು ಮಂಚದ ಮೇಲೆ ಕೂರಿಸಿಕೊಂಡರು. "ಲಗ್ನದ ದಿನ ನಾ ನಿಮ್ಮ ಬಾಜೂಕೇ ನಿಂತಿದ್ದೆ. ಬಾಸಿಂಗಕ್ಕ ಬಡದಿದ್ದು ನೋಡೀನಿ, ಆಕಿ ಪಿನ್ ಚುಚ್ಚಿದ್ದೂ ನೋಡೀನಿ. ಸುಮ್ಕ ಕೂಡ್ರಿ. ಜಲಮಭರ ಒಲ್ಲೆ ಅಂದವ, ಈಗ ಹೆಂಡ್ತಿ ಸಲುವಾಗಿ ಬಾಗಲಾ ಎತ್ತಿಸ್ದಾ ಅಂದ್ರ ಮಂದಿ ಏನಂತಾರ? ಅಳಿಯಾನ ಸಲುವಾಗಿ ಅಂದ್ರ ಮರ್ಯಾದಿ ಉಳೀತದ. ಆಕಿಗಿ ಹೇಳಬ್ಯಾಡ್ರಿ. ಕೈ ಮಾತ್ರ ಎಡಕ ಇಡ್ರಿ."

ಮಾವ ಇಷ್ಟನ್ನು ಹೀಗೆಯೇ, ಇಷ್ಟು ಸರಾಗವಾಗಿ ಹೇಳಿದರೋ, ಅವರು ಒಂದೆರಡು ಮಾತು ಗೊಣಗಿದ್ದನ್ನು ನಾನು ಮಹಾಗಾಂವ ದಾಟುವಷ್ಟರಲ್ಲಿ ಬಸ್ಸಿನಲ್ಲಿ ಕೂತು ಜೋಡಿಸಿಕೊಂಡೆನೋ, ಪ್ರಮಾಣ ಮಾಡಿ ಹೇಳಲಾರೆ. ಬೀಳದ ಪೆಟ್ಟನ್ನು ಇಷ್ಟು ವರ್ಷ ನೆನಪಿಟ್ಟುಕೊಂಡವನ ಮಾತು ಇದು. ಎಡಕ್ಕೆ ಇಡಿ ಎಂದದ್ದು ಮಾತ್ರ ಖಂಡಿತ. ಅಂದಿನಿಂದ ಗಂಡನಿಗೆ ತಿಳಿಯದಂತೆ ಹೆಂಡತಿಯ ಪರವಾಗಿ, ಹೆಂಡತಿಗೆ ತಿಳಿಯದಂತೆ ಗಂಡನ ಪರವಾಗಿ, ಒಂದೇ ಹಣೆಯಲ್ಲಿ ಎರಡು ತಲೆನೋವು ಹೊತ್ತು ತಿರುಗುತ್ತಿದ್ದೇನೆ.

ವರ್ಷ ಕಳೆದು ಮತ್ತೆ ಸ್ಕ್ಯಾನ್ ಆಯಿತು. ಡಾಕ್ಟರಮ್ಮ ಹಳೆಯ ಫಿಲ್ಮು ಹೊಸ ಫಿಲ್ಮು ಎರಡನ್ನೂ ಅಕ್ಕಪಕ್ಕ ಸಿಕ್ಕಿಸಿ ಅಳೆದು, "ಇದ್ದಷ್ಟೇ ಅದ, ಒಂದು ಕೂದಲಷ್ಟೂ ಬೆಳದಿಲ್ಲ. ನೋವು ಬರ್ತದೇನ್ರಿ?" ಎಂದರು. "ಬರ್ತದ್ರಿ, ಆದ್ರ ಕಮಲಾಪುರದಾಗ ಮಾತ್ರ," ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ ಸುವರ್ಣಾಳ ಕಡೆ ನೋಡಿದರು. ಸುವರ್ಣಾ, "ಬರಕೋರಿ, ಅದು ಖರೇನೇ ಅದ," ಎಂದಳು.

ನಿಜಕ್ಕೂ ಖರೆಯಾಗುತ್ತಿದೆ ಎಂಬುದೇ ಈಗ ನನ್ನ ಹೊಸ ತೊಂದರೆ. ಹೋದ ತಿಂಗಳು ಕಮಲಾಪುರದಿಂದ ಗೊನೆ ಹಿಡಿದುಕೊಂಡು ಬಂದೆವು. ಮರುದಿನ ಸಂಜೆ ಕಲಬುರಗಿಯ ನಮ್ಮ ಮನೆಯಲ್ಲಿ, ಯಾವ ಬಾಗಿಲೂ ಹತ್ತಿರವಿಲ್ಲದಾಗ, ಹೊಸ ಚಷ್ಮಾ ಮೂಗಿನ ಮೇಲಿರುವಾಗಲೇ, ಎಡಹುಬ್ಬಿನ ಮೇಲೆ ಯಾರೋ ಮೆಲ್ಲಗೆ ಬೆರಳ ಗೆಣ್ಣಿನಿಂದ ತಟ್ಟಿದರು. ಹಳೆಯ ಸದ್ದು, ಹಳೆಯ ಜಾಗ. ಕೈ ಹಣೆಗೆ ಹೋಯಿತು. "ತಲಿ ನೋಯ್ಲಾಕತ್ತದ," ಎಂದೆ. ಸುವರ್ಣಾ ತಲೆಯೆತ್ತದೆ, "ಇಲ್ಲಿ ಯಾರೂ ನೋಡವರಿಲ್ಲ, ಬಿಡ್ರಿ," ಎಂದಳು. "ಖರೇನೇ ನೋಯ್ತದ, ಮಾರಾಯ್ತಿ." ಅವಳು ನನ್ನನ್ನೊಮ್ಮೆ, ನನ್ನ ಇನ್ನೊಂದು ಕೈಯಲ್ಲಿ ಅರ್ಧ ಸುಲಿದಿದ್ದ ಕೆಂಪು ಬಾಳೆಹಣ್ಣನ್ನೊಮ್ಮೆ ನೋಡಿ ಕೈ ಚಾಚಿದಳು. "ಹೌದಾ? ಹಂಗಾದ್ರ ಅದನ್ನ ಇತ್ತ ಕೊಡ್ರಿ."

ನಾನು ಸ್ವಲ್ಪ ಹೊತ್ತು ಯೋಚಿಸಿದೆ. ಆಮೇಲೆ ಹಣೆಯ ಮೇಲಿನ ಕೈ ಇಳಿಸಿ, ಉಳಿದ ಸಿಪ್ಪೆ ಸುಲಿದೆ.